ದಂಗೆಯ ಚರಿತ್ರೆಯಲ್ಲಿ ರೈತನ ಲೆಕ್ಕ ಎಲ್ಲಿದೆ?

1830–31ರ ನಗರ ದಂಗೆ ನಮ್ಮ ಶಿವಮೊಗ್ಗ ಜಿಲ್ಲೆಯದೇ. ಆದರೂ ಅದರ ಬಗ್ಗೆ ಕೇಳಿದರೆ ನಮ್ಮ ಬಾಯಲ್ಲಿ ಬರುವುದು ಮೂರೇ ಹೆಸರು: ಮುಮ್ಮಡಿ ಕೃಷ್ಣರಾಜ ಒಡೆಯರು, ದಂಗೆಯ ನಾಯಕ ಬೂದಿ ಬಸವಪ್ಪ, ಗವರ್ನರ್ ಜನರಲ್ ಬೆಂಟಿಂಕ್. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತ ವಹಿಸಿಕೊಂಡರು, 1881ರಲ್ಲಿ ಹಿಂದಿರುಗಿಸಿದರು. ಅಲ್ಲಿಗೆ ಪಾಠ ಮುಗಿಯಿತು. ಕೂಟ ಸೇರಿ ಕಂದಾಯ ಕೊಡುವುದಿಲ್ಲ ಎಂದ ರೈತರ ಮನೆಯಲ್ಲಿ ಆ ವರ್ಷ ಒಲೆ ಹೇಗೆ ಉರಿಯಿತು ಎಂದು ಯಾರೂ ಕೇಳುವುದಿಲ್ಲ.

ಕೇಳಿದವರೊಬ್ಬರು ಅಮೆರಿಕದ ಇತಿಹಾಸಕಾರ ಬರ್ಟನ್ ಸ್ಟೈನ್ (1926–1996). ದಕ್ಷಿಣ ಭಾರತದ ರೈತ ಸಮಾಜವನ್ನು ಅರಿಯಲು ಅವರು ಜೀವನವನ್ನೇ ಮುಡಿಪಾಗಿಟ್ಟರು. ವಿಜಯನಗರದ ಬಗ್ಗೆ, ಥಾಮಸ್ ಮನ್ರೋ ಬಗ್ಗೆ ಪುಸ್ತಕ ಬರೆದರು. 1985ರಲ್ಲಿ ಮೈಸೂರಿನ ಈ ರೈತ ದಂಗೆಯ ಮೇಲೂ ಲೇಖನ ಬರೆದು, ಅದನ್ನು ಒಂದು ಘಟನೆಯಾಗಿ ಮಾತ್ರ ನೋಡದೆ ಅದರ ಹಿಂದಿನ ದೀರ್ಘ ಬದಲಾವಣೆಗಳನ್ನೂ ಪರಿಶೀಲಿಸಿದರು.

‘ಕಾಮರ್ಸ್‌ನವರಿಗೆ ಇದೆಲ್ಲ ಯಾಕೆ?’ ಎಂದು ಗೆಳೆಯರು ನಗುತ್ತಾರೆ. ನನ್ನ ಪ್ರಕಾರ ಇದು ನಮ್ಮದೇ ವಿಷಯ. ಆಗ ‘ಶರ್ತಿ’ ಎಂಬ ಪದ್ಧತಿ ಇತ್ತು. ಇಷ್ಟು ಕಂದಾಯ ವಸೂಲಿ ಮಾಡಿಕೊಡುತ್ತೇನೆ ಎಂದು ಅಮಲ್ದಾರ ಮೊದಲೇ ಒಪ್ಪಿಕೊಳ್ಳಬೇಕು. ಕಡಿಮೆ ಬಿದ್ದರೆ ಅವನೇ ತುಂಬಬೇಕು. ಹತ್ತು ಸಾವಿರ ಒಪ್ಪಿಕೊಂಡವನಿಗೆ ಒಂಬತ್ತು ಸಾವಿರ ಮಾತ್ರ ಸಿಕ್ಕಿತು ಎನ್ನಿ. ಉಳಿದ ಸಾವಿರವನ್ನು ಅವನು ಯಾರಿಂದ ಹಿಂಡುತ್ತಾನೆ? ಮಳೆ ಕೈಕೊಡಲಿ, ಬೆಲೆ ಕುಸಿಯಲಿ, ನಷ್ಟ ಕೊನೆಗೆ ರೈತನ ಖಾತೆಗೇ. ಅಕೌಂಟೆನ್ಸಿ ಓದುವವನಿಗೆ ದಂಗೆಯ ಕಾರಣ ಇಲ್ಲೇ ಅರ್ಧ ತಿಳಿಯುತ್ತದೆ.

ಉಳಿದರ್ಧ ತಿಳಿಯುವುದು ಕಷ್ಟ. ದಂಗೆಯ ವಿಚಾರಣೆ ನಡೆಸಿ 1833ರಲ್ಲಿ ವರದಿ ಕೊಟ್ಟವರು ಕಂಪನಿಯ ಅಧಿಕಾರಿಗಳು. ರೈತ ತಾನೇ ಬರೆದಿಟ್ಟ ಲೆಕ್ಕ ನಮ್ಮ ಕೈಗೆ ಬಂದಿಲ್ಲ. ಕಾಗದ ಯಾರ ಬಳಿ ಉಳಿಯಿತೋ ಚರಿತ್ರೆ ಅವರದಾಯಿತು.

ನಮ್ಮ ಮನೆಗಳಲ್ಲೂ ಇದೇ ಆಗುತ್ತಿದೆ. ಹೊಳೆಹೊನ್ನೂರಿನ ನಮ್ಮ ಮನೆಯಲ್ಲಿ ದಾದಾ ಬರೆದ ಅಡಿಕೆ ವ್ಯಾಪಾರದ ಲೆಕ್ಕದ ಪುಸ್ತಕಗಳಿವೆ, ಉರ್ದುವಿನಲ್ಲಿ. ನಾವು ಮಕ್ಕಳು ಉರ್ದು ಮಾತಾಡುತ್ತೇವೆ, ಓದಲು ಬರುವುದಿಲ್ಲ. ಅವನ್ನು ಓದಬಲ್ಲವರು ಈಗ ದಾದಿ ಒಬ್ಬರೇ. ಅವರ ನಂತರ ಅದು ರದ್ದಿ.

ಆದ್ದರಿಂದ ಇತಿಹಾಸದ ಸರ್ ಮತ್ತು ಗ್ರಂಥಾಲಯದವರಲ್ಲಿ ನನ್ನದೊಂದು ಮನವಿ. ಈ ವರ್ಷದ ಪ್ರಾಜೆಕ್ಟ್‌ಗೆ ಇಂಟರ್ನೆಟ್‌ನಿಂದ ಇಳಿಸಿದ ಹಾಳೆ ಬೇಡ. ಪ್ರತಿಯೊಬ್ಬರೂ ಮನೆಯಿಂದ ಒಂದು ಹಳೆಯ ಕಾಗದ ತರಲಿ: ಕಂದಾಯದ ರಸೀದಿ, ಪಡಿತರ ಚೀಟಿ, ಅಂಗಡಿಯ ಸಾಲದ ಪುಸ್ತಕ, ಯಾವ ಭಾಷೆಯದಾದರೂ ಸರಿ. ಹಿರಿಯರಿಂದ ಓದಿಸಿ ಕನ್ನಡದಲ್ಲಿ ಬರೆದುಕೊಳ್ಳೋಣ, ಫೋಟೋ ತೆಗೆದು ಗ್ರಂಥಾಲಯದಲ್ಲಿ ಇಡೋಣ. ಓದಿ ಹೇಳುವವರು ಇರುವಾಗಲೇ ಈ ಕೆಲಸ ಆಗಬೇಕು.