ನರ ಅಂದ್ರ ಹಗ್ಗ ಅಲ್ಲರಿ
ಹ್ವಾದ ಬ್ಯಾಸಗಿಯೊಳಗ ನನ್ನ ಎಡಗಾಲಿಗೆ ನಡದಿಂದ ಮೀನಖಂಡದ ತನಕಾ ಚಳಕ ಹೊಡಿಲಿಕ್ಕೆ ಶುರು ಆತು. ರೊಟ್ಟಿ ಬಡಿಲಿಕ್ಕೆ ಕೂತ್ರ ಏಳಲಿಕ್ಕೆ ಆಗ್ತಿದ್ದಿಲ್ಲ. ಡಾಕ್ಟರು "ಸಯಾಟಿಕಾ ಅದ, ನರದ ವ್ಯಾಯಾಮ ಕಲೀರಿ" ಅಂದ್ರು. ನಾ ಎಲ್ಲಿ ಕಲಿಲಿಕ್ಕೆ ಹೋಗ್ಲಿ? ಮೊಬೈಲಿನ್ಯಾಗ ವಿಡಿಯೋ ನೋಡಿದೆ, ಹಳೇ ಓಢಣಿ ಅಂಗಾಲಿಗೆ ಹಾಕಿ ಹಲ್ಲು ಕಚ್ಚಿ ಜಗ್ಗಿದೆ. ನೋವಾದಷ್ಟೂ ಛಲೋ ಅಂತ ನನ್ನ ಲೆಕ್ಕ. ಮೂರನೇ ರಾತ್ರಿ ಪಾದ ಜುಮುಜುಮು, ಕಣ್ಣಿಗೆ ನಿದ್ದಿ ಇಲ್ಲ.

ಆಮ್ಯಾಲ ಫಿಸಿಯೋಥೆರಪಿ ಹುಡುಗಿ ತಿಳಿಸಿ ಹೇಳಿದ್ಲು. ಸಯಾಟಿಕ್ ನರ ಮೈಯೊಳಗ ಎಲ್ಲಾಕಿಂತ ದಪ್ಪ ನರ. ನಡದಿಂದ ಹೊಂಟು ತೊಡಿ ಹಿಂದ ಇಳದು, ಮೊಳಕಾಲಿನ ಹತ್ರ ಎರಡಾಗಿ ಪಾದಕ್ಕ ಹೋಗ್ತದ. ಪರಕಾರದ ಪಟ್ಟಿಯೊಳಗಿನ ಲಾಡಿ ಹಂಗ ಅದು ತನ್ನ ಹಾದಿಯೊಳಗ ಹಿಂದ ಮುಂದ ಸರೀತದ. ಲಾಡಿಯ ಎರಡೂ ತುದಿ ಒಮ್ಮೆಲೆ ಜಗ್ಗಿದ್ರ ಬಿಗೀತದಲ್ಲ, ನರದ್ದೂ ಅದ ಕಥಿ. ಪ್ರಾಣಿಗಳ ಮ್ಯಾಲ ಮಾಡಿದ ಪ್ರಯೋಗದಾಗ, ನರಾನ ಸುಮಾರು 8% ಎಳದು ಹಿಡದ್ರ ಅದರೊಳಗಿನ ರಕ್ತದ ಓಡಾಟ ಕಡಿಮಿ ಆಗ್ಲಿಕ್ಕೆ ಹತ್ತಿತ್ತು, 15% ಸುಮಾರಿಗೆ ನಿಂತ ಹೋಗಿತ್ತು.

ಅದಕ್ಕ ಆಕಿ ಕಲಿಸಿದ್ದು ಜಗ್ಗೂದಲ್ಲ, ಸರಿಸೂದು. ಕುರ್ಚಿ ಮ್ಯಾಲ ಕೂತು ಕಾಲು ನೆಟ್ಟಗ ಮಾಡುವಾಗ ತಲಿ ಮ್ಯಾಲ ಎತ್ತಬೇಕು, ಕಾಲು ಮಡಚುವಾಗ ತಲಿ ಬಗ್ಗಿಸಬೇಕು. ಒಂದು ತುದಿ ಬಿಗಿ ಆದಾಗ ಇನ್ನೊಂದು ಸಡ್ಲ. ಹಿಡದು ನಿಲ್ಲಬಾರದು, ಚಳಕ ಬರೋದ್ರೊಳಗ ವಾಪಸ್ ಬರಬೇಕು. ತೊಡಿ ಹಿಂದಿನ ಸ್ನಾಯು ಬಿಗಿ ಅಂತೀವಲ್ಲ, ಎಷ್ಟೋ ಸಲ ಅದು ಸಿಟ್ಟಿಗೆದ್ದ ನರಾನ ಕಾಯಲಿಕ್ಕೆ ತಾನ ಬಿಗಿ ಹಿಡದಿರ್ತದ. ನರ ಸಮಾಧಾನ ಆದ್ರ ಸ್ನಾಯುನೂ ಸಡ್ಲ ಬಿಡ್ತದ.

ನನ್ನ ಮಾತು ಇಷ್ಟ. ಸಹಿಸೂದು ದೊಡ್ಡ ಗುಣ ಅಂತ ನಾವು ಹೆಣ್ಣಮಕ್ಕಳು ಸಣ್ಣಾಗಿದ್ದಾಗಿಂದ ಕಲ್ತೀವಿ. ಅತ್ತಿ ಮನಿಯೊಳಗ ಆ ಗುಣ ನಡದೀತು, ನರದ ಮುಂದ ನಡ್ಯಾಂಗಿಲ್ಲ. ಇಲ್ಲಿ ತಡಕೊಂಡಾಕಿ ಗೆಲ್ಲೂದಿಲ್ಲ, ನೋವಿನ ಮಾತು ಕೇಳಿದಾಕಿ ಗೆಲ್ತಾಳ. ನಂಗ ಚಳಕ ಪೂರ್ತಿ ಹೋಗಿಲ್ಲ ಖರೆ, ಆದ್ರ ರೊಟ್ಟಿ ಬಡದು ಯಾರ ಕೈ ಹಿಡೀಲಾರದ ಏಳ್ತೇನಿ.

ಇನ್ನೊಂದು ಮಾತು, ನಾಚಿಕಿ ಬಿಟ್ಟು ಕೇಳ್ರಿ. ಪಾದ ಎತ್ತಲಿಕ್ಕೆ ಬರಲಿಲ್ಲಂದ್ರ, ತೊಡಿ ಸಂದಿ ಮರಗಟ್ಟಿದ್ರ, ಒಂದಕ್ಕ ಎರಡಕ್ಕ ಹಿಡಿತ ತಪ್ಪಿದ್ರ ಯಾವ ವ್ಯಾಯಾಮನೂ ಬ್ಯಾಡ. ಅವತ್ತ, ಆಗಿಂದಾಗ ದವಾಖಾನಿಗೆ ಹೋಗ್ರಿ. ಅಡಗಿ ಆಮ್ಯಾಲ ಆದೀತು.