ವಕಾರ ಎಲ್ಲಿಂದ ಬಂತು?

ಪದಸಂಪತ್ತಿನ ಮಾದರಿ ಪಾಠವೊಂದರಲ್ಲಿ ನಾನು ಕರಡಿಗೆ ರಷ್ಯನ್ನರು ಹೇಳುವ ‘ಮೆದ್ವೇದ್’ ಪದವನ್ನು ಬಿಡಿಸಿ ತೋರಿಸಿದ್ದೆ. ‘ಮೆದ್’ ಎಂದರೆ ನಮ್ಮ ಮಧು, ‘ವೇದ್’ ಎಂದರೆ ನಮ್ಮ ‘ವಿದ್’ ಧಾತು. ಜೇನನ್ನು ಬಲ್ಲದ್ದೇ ಕರಡಿ ಎಂದೆ. ಎಲ್ಲರೂ ಮೆಚ್ಚಿದರು. ಕೆಲ ದಿನಗಳ ನಂತರ ಪಾಠ ವೀಕ್ಷಣೆಗೆ ಹೋದಾಗ ಇಬ್ಬರು ಪ್ರಶಿಕ್ಷಣಾರ್ಥಿಗಳು ಅದೇ ಕಥೆಯನ್ನು ಎಂಟನೆಯ ತರಗತಿಯ ಮಕ್ಕಳಿಗೆ ಹೇಳುತ್ತಿದ್ದರು. ಅಷ್ಟರಲ್ಲಿ ಅದು ತಪ್ಪೆಂದು ನನಗೆ ತಿಳಿದಿತ್ತು.

ಪ್ರಾಚೀನ ಸ್ಲಾವಿಕ್‌ನಲ್ಲಿ ಜೇನಿಗೆ ‘ಮೆದು’, ತಿನ್ನು ಎಂಬುದಕ್ಕೆ ‘ಏದ್’. ಉಕಾರದ ಮುಂದೆ ಸ್ವರ ಬಂದಾಗ ವಕಾರವಾಯಿತು: ಮೆದು + ಏದ್ = ಮೆದ್ವೇದ್. ‘ಮನು + ಅಂತರ = ಮನ್ವಂತರ’ ಎಂದು ನಾವು ಕಲಿಸುವ ಯಣ್ ಸಂಧಿಯ ಕ್ರಮವೇ ಇದು. ಸಂಸ್ಕೃತದಲ್ಲಿ ಮಧು ಮತ್ತು ‘ಅದ್’ ಧಾತು ಸೇರಿದ ‘ಮಧ್ವದ್’ ಋಗ್ವೇದದಲ್ಲೇ ಇದೆ. ಅಲ್ಲಿ ಅದು ಹಕ್ಕಿಗಳ ವಿಶೇಷಣ. ಎರಡನೆಯ ಪದ ‘ವೇದ್’ ಆಗಿದ್ದರೆ ‘ಮೆದು’ವಿನ ಉಕಾರ ಮಾಯವಾಗಲು ಕಾರಣವೇ ಇರಲಿಲ್ಲ. ನಾನು ಇಂದಿನ ರೂಪವನ್ನು ಕತ್ತರಿಸಿದ್ದೆ, ಹಳೆಯ ರೂಪವನ್ನು ಕೇಳಿರಲಿಲ್ಲ.

ಕಥೆಯಿಲ್ಲದೆ ಮಕ್ಕಳಿಗೆ ಆಸಕ್ತಿ ಹುಟ್ಟದು ಎನ್ನುವವರಿದ್ದಾರೆ. ಆದರೆ ನಿಜವಾದ ಕಥೆಯೇ ಹೆಚ್ಚು ಸ್ವಾರಸ್ಯದ್ದು. ಕರಡಿಗಿದ್ದ ಮೂಲ ಹೆಸರು ಸಂಸ್ಕೃತದಲ್ಲಿ ‘ಋಕ್ಷ’, ಗ್ರೀಕ್‌ನಲ್ಲಿ ‘ಆರ್ಕ್ಟೋಸ್’, ಲ್ಯಾಟಿನ್‌ನಲ್ಲಿ ‘ಉರ್ಸುಸ್’ ಆಗಿ ಉಳಿಯಿತು. ಸ್ಲಾವರಲ್ಲಿ ಅದು ಅಳಿದುಹೋಯಿತು. ಕಾಡಿನಲ್ಲಿ ಹೆಸರೆತ್ತಿದರೆ ಮೃಗ ಎದುರಾದೀತೆಂಬ ಭಯದಿಂದ ‘ಜೇನು ತಿನ್ನುವುದು’ ಎಂದು ಕರೆದರೆಂಬುದು ಭಾಷಾವಿಜ್ಞಾನಿಗಳಲ್ಲಿ ಬಲವಾಗಿರುವ ಅಭಿಪ್ರಾಯ. ಹಾವು ಕಚ್ಚಿದರೆ ‘ಹುಳ ಮುಟ್ಟಿತು’ ಎನ್ನುವ ಮನೆಗಳ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ನನ್ನ ಅಭಿಪ್ರಾಯ ಇಷ್ಟೇ: ಪದದ ಹುಟ್ಟನ್ನು ಹೇಳುವ ಪಾಠ ಯೋಜನೆಯಲ್ಲಿ ‘ಹಳೆಯ ರೂಪ ಯಾವುದು, ಪ್ರತಿ ಅಕ್ಷರ ಎಲ್ಲಿಂದ ಬಂತು’ ಎಂಬ ಹಂತ ಇರಲೇಬೇಕು. ಹೊಯ್ಸಳ ವೀರಬಲ್ಲಾಳನಿಗೆ ಗಂಟುಹಾಕಿದ ‘ಬೆಂದಕಾಳೂರು’ ಕಥೆಯನ್ನು ಹೇಳುವ ಮುನ್ನ, ಅವನಿಗಿಂತ ಹಿಂದಿನ, ಸುಮಾರು ಕ್ರಿ.ಶ. 890ರ ಬೇಗೂರು ಶಾಸನದಲ್ಲೇ ‘ಬೆಂಗಳೂರು’ ಇದೆಯೆಂದು ತೋರಿಸೋಣ. ಉತ್ತರ ಸಿಗದಿದ್ದರೆ ‘ಗೊತ್ತಿಲ್ಲ’ ಎಂದು ಹೇಳುವುದೂ ಬೋಧನೆಯೇ.

ಆ ಎರಡು ತರಗತಿಗಳಿಗೆ ಮರಳಿ ಹೋಗಿ, ತಪ್ಪು ನನ್ನದೆಂದು ಹೇಳಿ, ಕಪ್ಪುಹಲಗೆಯ ಮೇಲೆ ‘ಮೆದು + ಏದ್’ ಎಂದು ಬರೆದೆ. ವಕಾರವನ್ನು ಮಕ್ಕಳೇ ಕೂಡಿಸಿದರು.