ಮೊದಲು ನಕ್ಷೆಯ ಮೇಲೆ ಬೆರಳಿಡಿ, ಆಮೇಲೆ ಫೋನ್ ತೆರೆಯಿರಿ

ಅಭ್ಯಾಸ ಬೋಧನೆಯ ನಾಲ್ಕನೇ ವಾರದಲ್ಲಿ ನಾನೊಂದು ತಪ್ಪು ಮಾಡಿದೆ. ವೀಕ್ಷಣಾ ಪುಸ್ತಕದಲ್ಲಿ ಅದು ದಾಖಲಾಗಿಲ್ಲ. ಆದರೆ ಅದರಿಂದ ಕಲಿತಷ್ಟನ್ನು ಯಾವ ಟೀಕಾ ಪಾಠದಿಂದಲೂ ನಾನು ಕಲಿತಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಹಂಚಿಕೆಯಾಗಿದ್ದು ಮಲೆನಾಡಿನ ಒಂದು ಪ್ರೌಢಶಾಲೆ. ಒಂಬತ್ತನೇ ತರಗತಿಯ 22 ಮಕ್ಕಳನ್ನು ಸಸ್ಯ ವೀಕ್ಷಣೆಗೆಂದು ಊರಿನ ಗುಡ್ಡಕ್ಕೆ ಕರೆದೊಯ್ದಿದ್ದೆವು. ಜೊತೆಗೆ ಶಾಲೆಯ ವಿಜ್ಞಾನ ಶಿಕ್ಷಕರೂ ಇದ್ದರು. ಮರಳುವಾಗ ಸಂಜೆ ಐದಾಗಿತ್ತು, ಮೋಡ ಕವಿದಿತ್ತು. ಫೋನ್ ತೆಗೆದು ನೋಡಿದೆ. ಶಾಲೆ ಅಲ್ಲಿಂದ ನೇರಕ್ಕೆ ಕೇವಲ 700 ಮೀಟರ್! ಬಂದ ಕಾಲುದಾರಿ ಸುತ್ತು ಬಳಸಿನದು. ಮುಂದೆ ನಡೆಯುತ್ತಿದ್ದ ನಾನು, "ದಾರಿ ಬಿಟ್ಟು ನೇರ ಇಳಿಯೋಣ" ಎಂದೆ.

ಹಿಂದಿನಿಂದ ಒಬ್ಬ ಹುಡುಗಿ, "ಮಿಸ್, ಆ ಕಡೆ ದರೆ ಇದೆ, ಕೆಳಗೆ ಹಳ್ಳ. ದನಾನೂ ಇಳಿಯಲ್ಲ" ಎಂದಳು. ನಾನು ಪರದೆಯ ಮೇಲಿನ ನೀಲಿ ಚುಕ್ಕೆಯನ್ನು ನಂಬಿದೆ. ಹತ್ತು ನಿಮಿಷ ಮುಳ್ಳುಪೊದೆಗಳಲ್ಲಿ ನುಗ್ಗಿದ ಮೇಲೆ ಸುಮಾರು ಎರಡಾಳು ಆಳದ ದರೆಯ ಅಂಚಿಗೆ ಬಂದು ನಿಂತೆವು. ಒಬ್ಬ ಹುಡುಗನ ಕಾಲು ಜಾರಿತು. ಶಿಕ್ಷಕರು ಅವನ ಬ್ಯಾಗ್ ಹಿಡಿದೆಳೆದರು. ಯಾರಿಗೂ ಏನೂ ಆಗಲಿಲ್ಲ. ಆ ಹುಡುಗಿಯೇ ಮುಂದೆ ನಿಂತು, ಗುಡ್ಡದ ನೆತ್ತಿಯ ಮೇಲಿಂದಲೇ ನಮ್ಮನ್ನು ಶಾಲೆಗೆ ತಲುಪಿಸಿದಳು.

ಆ ವಾರದ ಆರಂಭದಲ್ಲಿ, ಸಮಾಜ ವಿಜ್ಞಾನದ ಶಿಕ್ಷಕರು ರಜೆಯಲ್ಲಿದ್ದುದರಿಂದ ನಕ್ಷೆಯ ಪಾಠವನ್ನು ನಾನೇ ತೆಗೆದುಕೊಂಡಿದ್ದೆ. ಸಮೋನ್ನತಿ ರೇಖೆಗಳ ಕಿರುಪರೀಕ್ಷೆಯಲ್ಲಿ ಅದೇ ಹುಡುಗಿಗೆ ಹತ್ತಕ್ಕೆ ಎರಡು ಅಂಕ ಕೊಟ್ಟಿದ್ದೆ. ನೆಲವನ್ನು ಓದಬಲ್ಲ ಅವಳಿಗೆ ಕಾಗದ ಓದಲು ಬರುತ್ತಿರಲಿಲ್ಲ. ಕಾಗದಕ್ಕೆ ಅಂಕ ಕೊಡುವ ನನಗೆ ನೆಲ ಓದಲು ಬರುತ್ತಿರಲಿಲ್ಲ. ಇಬ್ಬರ ನಡುವೆ ಸೇತುವೆ ಕಟ್ಟಬೇಕಾದದ್ದು ನನ್ನ ಪಾಠ. ಅದು ಆ ಕೆಲಸ ಮಾಡಿರಲಿಲ್ಲ.

"ಎಲ್ಲರ ಕೈಯಲ್ಲೂ ಜಿಪಿಎಸ್ ಇರುವಾಗ ನಕ್ಷೆ, ದಿಕ್ಸೂಚಿ ಏಕೆ ಕಲಿಸಬೇಕು?" ಎಂದು ಸಹಪಾಠಿಗಳು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಜಿಪಿಎಸ್‌ಗೆ ಮೊಬೈಲ್ ನೆಟ್‌ವರ್ಕ್ ಬೇಕಿಲ್ಲ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳಲ್ಲಿ ನಾಲ್ಕರ ಸಂಕೇತ ಸಿಕ್ಕರೆ ಸಾಕು, ಬಯಲಿನಲ್ಲಿ ಐದಾರು ಮೀಟರ್ ವ್ಯತ್ಯಾಸದಲ್ಲಿ ನಾವಿರುವ ಜಾಗವನ್ನು ತೋರಿಸುತ್ತದೆ. ಮಂಜು ಕವಿದಾಗ, ಕತ್ತಲಾದಾಗ, ಸುತ್ತಲಿನ ಯಾವ ಗುಡ್ಡವೂ ಕಾಣದಷ್ಟು ಕಾಡು ದಟ್ಟವಾಗಿದ್ದಾಗ ಕಾಗದದ ನಕ್ಷೆಗಿಂತ ಅದೇ ಮೇಲು. ಯಾರಾದರೂ ಗಾಯಗೊಂಡರೆ ನೆರವಿಗೆ ಬರುವವರಿಗೆ ಅಕ್ಷಾಂಶ, ರೇಖಾಂಶ ಹೇಳಬಹುದು. ಇದನ್ನೆಲ್ಲ ಅಲ್ಲಗಳೆಯುವವಳು ನಾನಲ್ಲ.

ಆದರೆ ದಾರಿಯಿಲ್ಲದ ಕಡೆ ನಡೆಯುವವರಿಗೆ "ನಾನೆಲ್ಲಿದ್ದೇನೆ?" ಎಂಬುದು ಮೊದಲ ಪ್ರಶ್ನೆ ಮಾತ್ರ. "ಮುಂದೆ ಏನಿದೆ, ಎಷ್ಟು ಹೊತ್ತು ಹಿಡಿಯುತ್ತದೆ, ಎಲ್ಲಿ ಹಿಂತಿರುಗಬೇಕು?" ಎಂಬುವು ಮುಂದಿನವು. ಇವಕ್ಕೆ ನೀಲಿ ಚುಕ್ಕೆಯಲ್ಲಿ ಉತ್ತರವಿಲ್ಲ. ಹಿನ್ನೆಲೆಯ ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳದಿದ್ದರೆ, ನೆಟ್‌ವರ್ಕ್ ಸಿಗದ ಕಡೆ ಆ ಚುಕ್ಕೆ ಖಾಲಿ ಪರದೆಯ ಮೇಲೆ ಕುಳಿತಿರುತ್ತದೆ. ದಟ್ಟ ಮರಗಳ ಕೆಳಗೆ, ಆಳದ ಕಣಿವೆಯಲ್ಲಿ ಸಂಕೇತ ಕ್ಷೀಣಿಸುತ್ತದೆ, ಬಂಡೆಗೆ ಬಡಿದು ಬರುತ್ತದೆ, ಚುಕ್ಕೆ ಹತ್ತಾರು ಮೀಟರ್ ಆಚೀಚೆ ಜಾರುತ್ತದೆ. ಬ್ಯಾಟರಿಯ ಮಾತು ಬೇರೆ.

ಆ ಪ್ರಶ್ನೆಗಳಿಗೆ ಉತ್ತರ ಸ್ಥಳಾಕೃತಿ ನಕ್ಷೆಯಲ್ಲಿದೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ನಕ್ಷೆಯಲ್ಲಿ ಎರಡು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಕಂದು ಬಣ್ಣದ ಪಕ್ಕಪಕ್ಕದ ಎರಡು ಸಮೋನ್ನತಿ ರೇಖೆಗಳ ನಡುವೆ ಸಾಮಾನ್ಯವಾಗಿ 20 ಮೀಟರ್ ಎತ್ತರದ ಅಂತರ. ಹಳ್ಳ ಇರುವಲ್ಲಿ ಆ ಗೆರೆಗಳ ಮೊನೆ ಏರಿನ ಕಡೆಗೆ ಬಾಗುತ್ತದೆ, ಗುಡ್ಡದ ಚಾಚು ಇರುವಲ್ಲಿ ಇಳಿಜಾರಿನ ಕಡೆಗೆ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಇಳಿಜಾರು.

ಇಲ್ಲಿ ನಮ್ಮ ಗಣಿತ, ಭೌತಶಾಸ್ತ್ರದ ಪ್ರಶಿಕ್ಷಣಾರ್ಥಿಗಳಿಗೂ ಕೆಲಸವಿದೆ. ನಕ್ಷೆಯ ಒಂದು ಸೆಂಟಿಮೀಟರಿನೊಳಗೆ ಐದು ಅಂತರಗಳಷ್ಟು ಗೆರೆ ದಾಟಿದರೆ 500 ಮೀಟರಿಗೆ 100 ಮೀಟರ್ ಏರು. ಹತ್ತನೇ ತರಗತಿಯ ಟ್ಯಾನ್ ಬೆಲೆ 0.2, ಕೋನ ಸುಮಾರು 11 ಡಿಗ್ರಿ. ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರವನ್ನು ಇಂದಿಗೂ ಚಾರಣಿಗರು ಬಳಸುತ್ತಾರೆ: ಐದು ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅಂದರೆ ನಾಲ್ಕು ಕಿಲೋಮೀಟರ್ ದೂರ ಮತ್ತು 600 ಮೀಟರ್ ಏರು ಇದ್ದರೆ 48 ನಿಮಿಷ ಅಲ್ಲ, ಒಂದು ಗಂಟೆ 48 ನಿಮಿಷ. ಮಕ್ಕಳ ಜೊತೆ ಇನ್ನೂ ಹೆಚ್ಚು. ಮಗ್ಗಿಯಂತೆ ಬಾಯಿಪಾಠ ಮಾಡಿಸುವ ಸೂತ್ರಗಳಿಗಿಂತ ಇದು ಬೇಗ ತಲೆಗೆ ಹತ್ತುತ್ತದೆ.

ನಕ್ಷೆಗೂ ಮಿತಿಗಳಿವೆ. ಹಳೆಯ ಸರ್ವೆಯ ಹಾಳೆಯಲ್ಲಿ ಹೊಸ ರಸ್ತೆ ಇರುವುದಿಲ್ಲ. ನಾವು ಸಿಕ್ಕಿಬಿದ್ದ ಆ ದರೆ 20 ಮೀಟರಿನ ಎರಡು ಗೆರೆಗಳ ನಡುವೆ ಅಡಗಿಹೋಗುವಷ್ಟು ಸಣ್ಣದು. ನಕ್ಷೆ ನೋಡಿದ್ದರೆ ಹಳ್ಳ ಇದೆ ಎಂದು ತಿಳಿಯುತ್ತಿತ್ತು, ದರೆ ಇದೆ ಎಂದು ಹೇಳಲು ಆ ಹುಡುಗಿಯೇ ಬೇಕಿತ್ತು. ಆದ್ದರಿಂದ ನನ್ನ ವಾದ ಜಿಪಿಎಸ್ ಬೇಡ ಎಂಬುದಲ್ಲ, ಕಲಿಸುವ ಕ್ರಮ ತಿರುವುಮುರುವಾಗಬಾರದು ಎಂಬುದು. ಮೊದಲು ನೆಲ, ಆಮೇಲೆ ನಕ್ಷೆ, ಕೊನೆಗೆ ಫೋನ್. ತಿಳಿದುದರಿಂದ ತಿಳಿಯದುದರ ಕಡೆಗೆ ಎಂದು ನಾವೇ ಪರೀಕ್ಷೆಯಲ್ಲಿ ಬರೆಯುವುದಿಲ್ಲವೇ?

ಮುಂದಿನ ವಾರ ಹೀಗೆ ಮಾಡಿ ನೋಡಿದೆ. ಅರ್ಧ ಆಲೂಗಡ್ಡೆಯನ್ನು ಬಿಲ್ಲೆಗಳಾಗಿ ಕೊಯ್ದು, ಒಂದೊಂದರ ಅಂಚನ್ನೂ ಒಂದೇ ಹಾಳೆಯ ಮೇಲೆ ಪೆನ್ಸಿಲಿನಿಂದ ಗುರುತಿಸಿದೆವು. ಸಮೋನ್ನತಿ ರೇಖೆ ಏನೆಂದು ಮಕ್ಕಳಿಗೆ ಗೊತ್ತಾಯಿತು. ನಂತರ ದಿಕ್ಸೂಚಿಯಿಂದ ನಕ್ಷೆಯ ಉತ್ತರವನ್ನು ನೆಲದ ಉತ್ತರಕ್ಕೆ ಹೊಂದಿಸಿ, ಶಿಕ್ಷಕರ ಜೊತೆ ಅದೇ ಗುಡ್ಡದ ಕಾಲುದಾರಿಯಲ್ಲಿ ನಡೆದೆವು. ಐದು ಕಡೆ ನಿಂತೆವು. ಪ್ರತಿ ಗುಂಪೂ ಮೊದಲು ನಕ್ಷೆಯಲ್ಲಿ "ನಾವಿಲ್ಲಿದ್ದೇವೆ" ಎಂದು ಗುರುತು ಹಾಕಬೇಕು, ಕಾರಣ ಹೇಳಬೇಕು. ಆಮೇಲಷ್ಟೇ ನನ್ನ ಫೋನ್ ತೆರೆದು ಎಷ್ಟು ತಪ್ಪಿತು ಎಂದು ಅಳೆಯಬೇಕು. ಎರಡಕ್ಕೂ ಹೊಂದಾಣಿಕೆಯಾಗದಿದ್ದಾಗ ಯಾವುದು ಸರಿ ಎಂಬ ಚರ್ಚೆಯೇ ಪಾಠದ ಸಾರವಾಯಿತು. ಹಳ್ಳದ ತಿರುವಿನಲ್ಲಿ ಮೊದಲು ಸರಿಯಾಗಿ ಬೆರಳಿಟ್ಟವಳು ಅದೇ ಹುಡುಗಿ.

ನಮ್ಮ ಪಾಠ ಯೋಜನೆಯ ನಮೂನೆಯಲ್ಲಿ ತಂತ್ರಜ್ಞಾನ ಬಳಕೆಗೆ ಒಂದು ಕಾಲಂ ಇದೆ. ಹೊರಾಂಗಣ ಕಲಿಕೆಗೆ ಇಲ್ಲ. ಫೋನ್ ತೋರಿಸಿದರೆ ಆ ಕಾಲಂ ತುಂಬುತ್ತದೆ. ಮಕ್ಕಳು ಫೋನಿನ ಉತ್ತರವನ್ನು ಪರಿಶೀಲಿಸಿದರೇ ಎಂದು ಯಾರೂ ಕೇಳುವುದಿಲ್ಲ. ವಿಷಯ ಯಾವುದಾದರೂ ಸರಿ, ಇಂಟರ್ನ್‌ಶಿಪ್‌ನಲ್ಲಿ ಒಂದು ಹೊರಾಂಗಣ ನಕ್ಷಾ ಪಾಠ ಕಡ್ಡಾಯವಾಗಲಿ ಎಂದು ನಮ್ಮ ಅಧ್ಯಾಪಕರಲ್ಲಿ ವಿನಂತಿ. ಇದಕ್ಕೆ ಮೀಸಲು ಅರಣ್ಯ ಬೇಡ. ಅನುಮತಿಯಿಲ್ಲದೆ ಅಲ್ಲಿಗೆ ಹೋಗಲೂಬಾರದು. ಊರ ಗುಡ್ಡ ಅಥವಾ ಕೆರೆ ಏರಿ ಸಾಕು.

ನನ್ನ ಪಾಠ ಯೋಜನೆಯ ಪ್ರತಿಯನ್ನು ವಿಜ್ಞಾನ ವಿಭಾಗದ ಕಪಾಟಿನಲ್ಲಿ ಇಟ್ಟಿದ್ದೇನೆ. ಬಳಸಿ ನೋಡಿ, ತಪ್ಪಿದ್ದರೆ ತಿದ್ದಿ.